ಹಸಿರು ಬೀರುವಿನೊಳಗಿನ ಸರ್ಟಿಫಿಕೇಟುಗಳು

ನಮ್ಮ ಶಾಲೆಯ ಟೀಚರ್ ಯಾರಾದರೂ ಕೆಲಸ ಬಿಡುವ ಯೋಚನೆ ಮಾಡಿದರೆ ಮೊದಲು ಅವರ ಮನೆಯಲ್ಲೊಂದು ತುರ್ತು ಹುಟ್ಟಿಕೊಳ್ಳುತ್ತಿತ್ತು. ಅಣ್ಣನ ಬ್ಯಾಂಕ್ ಸಾಲ, ತಂಗಿಯ ಪಾಸ್‌ಪೋರ್ಟು, ಗಂಡನ ಊರಿನ ರೇಷನ್ ಕಾರ್ಡು, ಏನೇ ಇರಲಿ, ಅದಕ್ಕೆ ಇವರ ಡಿಗ್ರಿಯ ಒರಿಜಿನಲ್ ಸರ್ಟಿಫಿಕೇಟೇ ಬೇಕಾಗುತ್ತಿತ್ತು. ಮದುವೆ ಕೂಡಿಸುವ ಜೋಯಿಸರು ಹುಟ್ಟಿದ ತಾರೀಖನ್ನು ಒರಿಜಿನಲ್ಲಿನಲ್ಲೇ ನೋಡಬೇಕಂತೆ ಎಂದು ಒಬ್ಬರು ಕೇಳಿದ್ದೂ ಉಂಟು. ನಾನು ನಗು ತಡೆದುಕೊಂಡು ಅರ್ಜಿಯನ್ನು ಮೇಲಕ್ಕೆ ಕಳಿಸುತ್ತಿದ್ದೆ. ಮೇಲಿನಿಂದ 'ಇಲ್ಲ' ಎಂದು ಉತ್ತರ ಬರುತ್ತಿತ್ತು.

ತಮಿಳು ಸೀಮೆಯ ಕೊಂಬೈಯಿಂದ ಸ್ವಲ್ಪ ಆಚೆಗೆ, ಬೆಟ್ಟದ ಬುಡದಲ್ಲಿರುವ, ಒಂದರಿಂದ ಹತ್ತನೇ ತರಗತಿಯ ತನಕದ ಖಾಸಗಿ ಹೈಸ್ಕೂಲು ನಮ್ಮದು. ಇಲ್ಲಿ ಕೆಲಸಕ್ಕೆ ಸೇರುವ ದಿನವೇ ಡಿಗ್ರಿ, ಬಿ.ಎಡ್., ಅಂಕಪಟ್ಟಿ ಎಲ್ಲದರ ಮೂಲ ಪ್ರತಿಯನ್ನು ಆಡಳಿತಕ್ಕೆ ಒಪ್ಪಿಸಬೇಕಿತ್ತು. ಅವು ತಾಳಾಳರ ಕೋಣೆಯ ಹಸಿರು ಬೀರು ಸೇರುತ್ತಿದ್ದವು. ತಾಳಾಳರು ಅಂದರೆ ಟ್ರಸ್ಟಿನ ಪರವಾಗಿ ಶಾಲೆ ನಡೆಸುವವರು, ಎಲ್ಲಕ್ಕೂ ಕೊನೆಯ ಸಹಿ ಹಾಕುವವರು. ತಮಿಳಿನಲ್ಲಿ ಅವರನ್ನು ಹಾಗೆ ಕರೆಯುತ್ತಾರೆ. ಒರಿಜಿನಲ್ ಇಲ್ಲದೆ ಇನ್ನೊಂದು ಶಾಲೆ ಕೆಲಸ ಕೊಡುವುದಿಲ್ಲ, ಆದ್ದರಿಂದ ನಮ್ಮವರು ಎಲ್ಲಿಗೂ ಹೋಗುವುದಿಲ್ಲ ಎಂಬುದು ಲೆಕ್ಕಾಚಾರ.

ಆದರೂ ಹೋಗುತ್ತಿದ್ದರು. ಏಪ್ರಿಲ್ ಕೊನೆಗೆ ನೋಟಿಸ್ ಅವಧಿ ಮುಗಿಸಿ, ಜಗಳವಾಡಿ, ಸರ್ಟಿಫಿಕೇಟ್ ಬಿಡಿಸಿಕೊಂಡು ಹೋಗುತ್ತಿದ್ದರು. ಜೂನ್‌ನಲ್ಲಿ ಸ್ಟಾಫ್ ರೂಮಿನ ಅರ್ಧ ಮುಖಗಳು ಹೊಸವು. ನಾನು ಹೆಡ್‌ಮಿಸ್ಟ್ರೆಸ್ ಆದಮೇಲೆ ನನ್ನ ಬೇಸಿಗೆಗಳೆಲ್ಲ ಜಾಹೀರಾತು, ಇಂಟರ್‌ವ್ಯೂ, ಡೆಮೊ ಕ್ಲಾಸುಗಳಲ್ಲೇ ಕಳೆದವು. ಮಕ್ಕಳಂತೂ ಹೆಸರು ಕಲಿಯುವ ಗೋಜಿಗೇ ಹೋಗದೆ ಬಂದವರನ್ನೆಲ್ಲ 'ಪುದು ಮಿಸ್', ಹೊಸ ಮಿಸ್, ಎನ್ನುತ್ತಿದ್ದರು. ಒಂದು ವರ್ಷ ಎಂಟನೇ ತರಗತಿಯ ಗಣಿತಕ್ಕೆ ಒಬ್ಬರ ಹಿಂದೊಬ್ಬರು ಮೂವರು ಪುದು ಮಿಸ್ ಬಂದರು. ಮೂವರೂ ತ್ರಿಭುಜದಿಂದಲೇ ಶುರು ಮಾಡಿದರು. ಆ ಮಕ್ಕಳಿಗೆ ತ್ರಿಭುಜ ಎಷ್ಟು ಚೆನ್ನಾಗಿ ಬಂದಿತೆಂದರೆ ಬೇರೇನೂ ಬರಲಿಲ್ಲ.

ಅದಾದ ಮೇಲೆ ಸಿಕ್ಕಿದವಳು ಈಗಿನ ಗಣಿತದ ಟೀಚರ್. ನನ್ನ ಹಳೆಯ ವಿದ್ಯಾರ್ಥಿನಿ. ತಲೆಮಾರುಗಳಿಂದ ಇಲ್ಲೇ ಇದ್ದರೂ ಮನೆಯಲ್ಲಿ ಕನ್ನಡ ಆಡುವ ನಮ್ಮಂಥವರ ಹುಡುಗಿ. ಆದರೆ ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಸಂಜೆ ಬೆಲ್ ಆದಮೇಲೂ ಬೇವಿನ ಮರದ ಕೆಳಗೆ ಹಿಂದುಳಿದ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದಳು. ಯಾರೂ ಹೇಳಿರಲಿಲ್ಲ. ಕೊನೆಯ ಬಸ್ಸಿನ ಹಾರ್ನ್ ಕೇಳಿದ ಮೇಲೇ ಬ್ಯಾಗ್ ಎತ್ತಿಕೊಂಡು ಓಡುತ್ತಿದ್ದಳು.

ಪೊಂಗಲ್ ರಜೆ ಮುಗಿದ ವಾರ ಅವಳು ನನ್ನ ಕೋಣೆಗೆ ಬಂದು, "ಮಿಸ್, ನನ್ನ ಒರಿಜಿನಲ್ ಬೇಕಿತ್ತು," ಎಂದಳು.

"ಯಾರಿಗೆ ಪಾಸ್‌ಪೋರ್ಟು?" ಎಂದೆ.

"ಯಾರಿಗೂ ಇಲ್ಲ ಮಿಸ್. ತೇನಿಯ ಒಂದು ಶಾಲೆಯಲ್ಲಿ ಮುಂದಿನ ವರ್ಷಕ್ಕೆ ಇಂಟರ್‌ವ್ಯೂ. ಶನಿವಾರ. ಏನು ಸುಳ್ಳು ಹೇಳೋದು ಅಂತ ಬಸ್ಸಿನಲ್ಲಿ ಯೋಚನೆ ಮಾಡಿಕೊಂಡೇ ಬಂದೆ. ನಿಮ್ಮ ಮುಖ ನೋಡಿದರೆ ಬಾಯಿಗೆ ಬರ್ತಾ ಇಲ್ಲ."

ನಾನು ತಾಳಾಳರ ಕೋಣೆಗೆ ಹೋದೆ. ಅವರು ನನ್ನ ಅಪ್ಪನ ದಾಯಾದಿ ತಮ್ಮ, ನನಗೆ ಚಿಕ್ಕಪ್ಪ. ದ್ರಾಕ್ಷಿ ತೋಟ, ಮೇಲೆ ಬೋಡಿಮೆಟ್ಟು ಬೆಟ್ಟದಲ್ಲಿ ಏಲಕ್ಕಿ ಎಸ್ಟೇಟು. ಊರಿನ ಮಕ್ಕಳು ಬಸ್ಸಿನಲ್ಲಿ ನೇತಾಡಿಕೊಂಡು ದೂರದ ಶಾಲೆಗೆ ಹೋಗುವುದನ್ನು ನೋಡಲಾರದೆ ಸ್ವಂತ ದುಡ್ಡು ಹಾಕಿ, ನಾಲ್ಕು ಜನರನ್ನು ಸೇರಿಸಿ ಈ ಶಾಲೆ ಕಟ್ಟಿದವರು. ಶಾಲೆಯಲ್ಲಿ ಅವರು ನನಗೆ 'ಸಾರ್', ಮಾತು ತಮಿಳು. ಕೋಪವೋ ಪ್ರೀತಿಯೋ ಬಂದರೆ ಮಾತ್ರ ತಮಿಳು ಸರಿದು, ಹಕಾರ ನುಂಗುವ ನಮ್ಮ ಮನೆಯ ಕನ್ನಡ ಬರುತ್ತದೆ. ಆವತ್ತು ತಕ್ಷಣವೇ ಬಂತು.

"ಕೊಟ್ರೆ ಓಗ್ತಾಳಲ್ಲ ಮಗ್ಳೆ."

"ಕೊಡ್ದಿದ್ರೂ ಓಗ್ತಾಳೆ ಚಿಕ್ಕಪ್ಪ. ಈಗಲ್ಲ, ಏಪ್ರಿಲ್ನಾಗೆ."

"ಏಪ್ರಿಲ್ ಗಂಟ ಪಾಠ ನಡೀತದಲ್ಲ? ಆಮೇಕೆ ನೋಡ್ಕೊಳ್ಳಾಣ."

ಶನಿವಾರ ಕಳೆಯಿತು. ಇಂಟರ್‌ವ್ಯೂ ತಪ್ಪಿತು. ಗಣಿತದ ಟೀಚರ್ ಜಗಳವಾಡಲಿಲ್ಲ, ಅಳಲಿಲ್ಲ. ಸೋಮವಾರದಿಂದ ಸಂಜೆಯ ಬೆಲ್ ಹೊಡೆದ ಕೂಡಲೇ ಬ್ಯಾಗ್ ಹೆಗಲಿಗೇರಿಸಿ ಮೊದಲ ಬಸ್ಸಿಗೆ ಹೋಗತೊಡಗಿದಳು. ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ತರಗತಿಯಲ್ಲಿ ಅವಳ ಪಾಠಕ್ಕೆ ಹೆಸರಿಡುವಂತಿರಲಿಲ್ಲ, ಕೊಡಬೇಕಾದ್ದನ್ನೆಲ್ಲ ಕೊಡುತ್ತಿದ್ದಳು. ಕೇಳದೆ ಕೊಡುತ್ತಿದ್ದುದು ನಿಂತಿತ್ತು. ನೋಡನೋಡುತ್ತ ಇಡೀ ಸ್ಟಾಫ್ ರೂಮು ಹಾಗೇ ಆಯಿತು. ಹತ್ತನೆಯವರಿಗೆ ಪಬ್ಲಿಕ್ ಪರೀಕ್ಷೆ ಹತ್ತಿರ ಬರುತ್ತಿತ್ತು. ಈ ವರ್ಷ ಫಲಿತಾಂಶ ಬಿದ್ದರೆ ಜೂನ್‌ನಲ್ಲಿ ಹೊಸ ಮಕ್ಕಳು ಬರುವುದಿಲ್ಲ, ಮಕ್ಕಳು ಬಾರದಿದ್ದರೆ ಸಂಬಳಕ್ಕೆ ದುಡ್ಡಿಲ್ಲ, ಶಾಲೆ ಎಷ್ಟು ದಿನ ನಡೆದೀತು ಎಂಬ ಭಯ ನನಗೆ ಹತ್ತಿತು.

ಹೋಗುವವರು ಯಾಕೆ ಹೋಗುತ್ತಾರೆ ಎಂದು ಟ್ರಸ್ಟಿನ ಮೀಟಿಂಗಿನಲ್ಲಿ ಕೇಳಿದರೆ ಒಂದೇ ಉತ್ತರ: ಸಂಬಳ. ಅದು ಸುಳ್ಳಲ್ಲ. ಆದರೆ ಸಂಬಳ ಎಂದು ಹೇಳಿಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಏಕೆಂದರೆ ದುಡ್ಡಿಲ್ಲ ಎಂಬುದೂ ಸುಳ್ಳಲ್ಲ. ಬಿಟ್ಟುಹೋದವರನ್ನೇ ಕೇಳೋಣ ಎಂದುಕೊಂಡು ಭಾನುವಾರಗಳಲ್ಲಿ ಸ್ಕೂಟರ್ ತೆಗೆದೆ.

ಮೊದಲು ಬೋಡಿ ಪೇಟೆಗೆ. ನಮ್ಮಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತಿದ್ದ ಟೀಚರ್ ಈಗ ಅಲ್ಲಿನ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ, ಗಿರಾಕಿ ಎಂಬಂತೆ ಎರಡು ಸುಂಗುಡಿ ಸೀರೆ ಬಿಚ್ಚಿ ಹಾಸಿದರು. "ಇಲ್ಲಿ ಸಂಬಳ ಹೆಚ್ಚಾ?" ಎಂದು ಮೆಲ್ಲಗೆ ಕೇಳಿದೆ.

"ಅಷ್ಟೇನಿಲ್ಲ ಮ್ಯಾಡಮ್." ಕೌಂಟರ್ ಹಿಂದಿನಿಂದ ಕಾಲಲ್ಲಿ ಏನನ್ನೋ ತಳ್ಳಿ ತೋರಿಸಿದರು. "ಇದು ನೋಡಿ. ಸ್ಟೂಲು. ಅಂಗಡಿಯಲ್ಲಿ ನಿಲ್ಲೋರಿಗೆ ಕೂರೋಕೆ ಕೊಡಲೇಬೇಕು ಅಂತ ಈಗ ಕಾನೂನಿದೆ. ಗಿರಾಕಿ ಇಲ್ಲದಾಗ ಕೂರ್ತೀನಿ."

ನಾನು ನಕ್ಕೆ. ನಗುತ್ತಿರುವಾಗಲೇ ನಮ್ಮ ತರಗತಿಗಳು ನೆನಪಾದವು. ಕೆಲವು ವರ್ಷಗಳ ಹಿಂದೆ ಚಿಕ್ಕಪ್ಪ ಒಂದು ಮಧ್ಯಾಹ್ನ ಕಿಟಕಿಯಲ್ಲಿ ಇಣುಕಿದಾಗ ಒಬ್ಬರು ಟೀಚರ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದರಂತೆ. ಮರುದಿನ ಎಲ್ಲ ತರಗತಿಗಳ ಕುರ್ಚಿಗಳೂ ಸ್ಟೋರ್ ರೂಮಿಗೆ ಹೋದವು. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಬೆಲ್ಲಿನ ತನಕ ನಮ್ಮ ಟೀಚರ್‌ಗಳು ನಿಂತೇ ಇರುತ್ತಿದ್ದರು. ಬಸುರಿಯರೂ ನಿಂತೇ ಇರುತ್ತಿದ್ದರು. ಆ ಸೀರೆಗಳಲ್ಲಿ ಒಂದನ್ನು ಕೊಂಡು ಹೊರಬಿದ್ದೆ.

ಇನ್ನೊಬ್ಬರು ಮದುವೆಯಾಗಿ ಬತ್ತಲಗುಂಡಿಗೆ ಹೋಗಿ ಮನೆಯಲ್ಲೇ ಟ್ಯೂಷನ್ ಇಟ್ಟುಕೊಂಡಿದ್ದರು. ಅವರಿಗೆ ಹೇಳಿಕೊಳ್ಳಲು ಬಹಳವಿತ್ತು. "ಮೇ ತಿಂಗಳು ಮ್ಯಾಡಮ್! ಸಂಬಳವಿಲ್ಲ, ರಜೆಯೂ ಇಲ್ಲ. ಬಿಸಿಲಲ್ಲಿ ನೋಟಿಸು ಹಿಡಿದು ಮನೆಮನೆಗೆ ಹೋಗಿ, ನಿಮ್ಮ ಮಗೂನ ನಮ್ಮ ಶಾಲೆಗೆ ಸೇರಿಸಿ ಅಂತ ಬೇಡಬೇಕು. ಒಂದು ಮನೆಯಲ್ಲಿ, 'ಇವತ್ತೇನೂ ಬೇಡಮ್ಮ, ಮುಂದಿನ ಮನೆಗೆ ಹೋಗು' ಅಂದರು. ನಾನು ಎಂ.ಎಸ್ಸಿ. ಓದಿದವಳು ಅಂತ ಹೇಳೋಕೂ ನಾಚಿಕೆಯಾಯ್ತು." ಹೇಳುತ್ತ ಹೇಳುತ್ತ ಅವರಿಗೇ ನಗು ಬಂತು, ನನಗೂ ಬಂತು. ಊಟ ಮಾಡಿಸಿಯೇ ಕಳಿಸಿದರು. ಬಾಗಿಲ ತನಕ ಬಂದು, "ಆ ಬೀರುವಿನಲ್ಲಿ ನನ್ನ ಡಿಗ್ರಿ ಇದ್ದಷ್ಟು ದಿನ ಏನನ್ನೋ ಅಡವಿಟ್ಟು ಬಂದ ಹಾಗಿರ್ತಿತ್ತು," ಎಂದರು.

ಸೋಮವಾರ ಚಿಕ್ಕಪ್ಪನ ಮುಂದೆ ಇದನ್ನೆಲ್ಲ ಹೇಳಿದೆ. ಮೊದಲು ಕುರ್ಚಿಯಿಂದ ಶುರು ಮಾಡಿದೆ. ಅದಕ್ಕೆ ದುಡ್ಡು ಬೇಕಿರಲಿಲ್ಲ, ಸ್ಟೋರ್ ರೂಮಿನ ಬೀಗ ತೆಗೆದರೆ ಸಾಕಿತ್ತು.

"ನಿಂತ್ರೆ ಏನ್ ಸವೆದೋಗ್ತಾರಾ?" ಎಂದರು. "ತೋಟ್ದಾಗೆ ನಾನ್ ಇಡೀ ದಿನ ನಿಲ್ಲಲ್ವಾ?"

ಅದೇ ವಾರ ಇಬ್ಬರು ಟೀಚರ್‌ಗಳು ಪರೀಕ್ಷಾ ಕೆಲಸಕ್ಕೆ ಹೋಗಿ, ಐದನೇ ತರಗತಿಗೆ ಯಾರೂ ಇರಲಿಲ್ಲ. ಒಂದು ದಿನ ನೀವೇ ನೋಡಿಕೊಳ್ಳಿ ಸಾರ್ ಎಂದೆ. ಒಪ್ಪಿಕೊಂಡರು. ಎರಡು ಪೀರಿಯಡ್ಡಿನಲ್ಲಿ ಸುಸ್ತಾಗಿ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ಕಿಟಕಿಯಲ್ಲಿ ಇಣುಕಿದರೆ, ಪಂಚೆ ಎತ್ತಿಕಟ್ಟಿ, ಬೋರ್ಡಿನ ಮೇಲೆ ದ್ರಾಕ್ಷಿಯ ಚಪ್ಪರ ಬರೆದು, ಬಳ್ಳಿಯನ್ನು ಯಾವಾಗ ಕತ್ತರಿಸಬೇಕು, ಯಾಕೆ ಕತ್ತರಿಸಬೇಕು ಎಂದು ಹೇಳುತ್ತಿದ್ದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಸಂಜೆ ನನ್ನ ಕೋಣೆಗೆ ಬಂದು, "ನೋಡ್ದಾ? ಒಂದು ಗಳಿಗೆ ಕೂತಿಲ್ಲ," ಎಂದು ಹೋದರು. ನನ್ನ ಉಪಾಯ ನನಗೇ ತಿರುಗಿತ್ತು.

ಮರುದಿನ ಬೆಳಗ್ಗೆ ಚಿಕ್ಕಮ್ಮನ ಫೋನು.

"ಏನ್ ಮಾಡ್ಸಿದ್ಯೇ ನಿಮ್ ಚಿಕ್ಕಪ್ಪನ್ಗೆ? ಮಂಚದಿಂದ ಇಳಿಯಾಕ್ ಆಗ್ತಿಲ್ಲ. ಮೊಣಕಾಲ್ಗೆ ತೈಲ ತಿಕ್ಕಿ ತಿಕ್ಕಿ ನನ್ ಕೈ ಬಿದ್ದೋಯ್ತು."

"ತೋಟ್ದಾಗೆ ದಿನಾ ನಿಲ್ತಾರಂತಲ್ಲ ಚಿಕ್ಕಮ್ಮ?"

"ಯಾರ್ ಅಂದಿದ್ದು? ಬಾವಿ ತಾವ ಈಜಿಚೇರ್ ಆಕಿ ಕೊಟ್ಟಿಲ್ವಾ ಅವ್ರ್ಗೆ!"

ಮೂರು ದಿನ ಬಿಟ್ಟು ಕುಂಟುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ಸ್ಟೋರ್ ರೂಮಿನ ಕುರ್ಚಿಗಳೆಲ್ಲ ತೊಳೆದು ಬಿಸಿಲಿಗಿಟ್ಟಿದ್ದುದು ಕಂಡಿತು. "ತರಗತಿಗೆ ಒಂದು ಕುರ್ಚಿ ಇದ್ದರೆ ನೋಡೋಕೆ ಲಕ್ಷಣವಾಗಿರ್ತದೆ," ಎಂದರು ತಮಿಳಿನಲ್ಲಿ. "ಹೌದು ಸಾರ್," ಎಂದೆ.

ಕುರ್ಚಿಗಳು ಬಂದವು. ಆದರೆ ಗಣಿತದ ಟೀಚರ್ ಮೊದಲ ಬಸ್ಸಿಗೇ ಹೋಗುತ್ತಿದ್ದಳು.

ಫೆಬ್ರವರಿ ಕೊನೆಯಲ್ಲಿ ಅವಳಿಗೆ ಇನ್ನೊಂದು ಕರೆ ಬಂತು. ದಿಂಡಿಗಲ್ ಹತ್ತಿರದ ವಸತಿ ಶಾಲೆ, ಶುಕ್ರವಾರ ಇಂಟರ್‌ವ್ಯೂ. ಈ ಸಲ ಅವಳು ನನ್ನನ್ನು ಕೇಳಲಿಲ್ಲ. ಸ್ಟಾಫ್ ರೂಮಿನ ಮಾತಿನಿಂದ ನನಗೆ ತಿಳಿಯಿತು. ಚಿಕ್ಕಪ್ಪ ಏಲಕ್ಕಿಯ ಕೊನೆಯ ಕೊಯ್ಲಿಗೆಂದು ಬೋಡಿಮೆಟ್ಟಿಗೆ ಹೋಗಿದ್ದರು, ವಾರ ಕಳೆದೇ ಬರುವುದು. ಹೋಗುವಾಗ ಬೀರುವಿನ ಕೀ ನನ್ನ ಕೈಗೆ ಕೊಟ್ಟಿದ್ದರು. ಶಿಕ್ಷಣ ಇಲಾಖೆಯವರು ಕಟ್ಟಡದ ಸರ್ಟಿಫಿಕೇಟ್ ನೋಡಬೇಕೆಂದಿದ್ದರು, ಅದೂ ಆ ಬೀರುವಿನಲ್ಲೇ ಇತ್ತು.

ಬುಧವಾರ ಬೀರು ತೆರೆದೆ. ಮೇಲಿನ ಖಾನೆಯಲ್ಲಿ ಕಟ್ಟಡದ ಕಾಗದಗಳು. ಕೆಳಗಿನದರಲ್ಲಿ ಪ್ಲಾಸ್ಟಿಕ್ ಕವರುಗಳ ಸಾಲು, ಪ್ರತಿಯೊಂದರ ಮೇಲೂ ಹೆಸರು. ಗಣಿತದ ಟೀಚರದ್ದು ಕೈಗೆ ಬಂತು. ಅಲ್ಲೇ ನನ್ನದೂ ಇತ್ತು. ಹೆಡ್‌ಮಿಸ್ಟ್ರೆಸ್ ಆದ ಮಾತ್ರಕ್ಕೆ ನನ್ನದನ್ನೇನೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳ ಕವರನ್ನು ಬ್ಯಾಗಿಗೆ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಇಂಟರ್‌ವ್ಯೂ ಮುಗಿಸಿ ಅವಳು ಮರಳಿಸುತ್ತಾಳೆ. ಬಹಳ ಹೊತ್ತು ಅದನ್ನು ಹಿಡಿದುಕೊಂಡು ನಿಂತೆ.

ಕೊನೆಗೆ ಅಲ್ಲೇ ಇಟ್ಟು ಬೀಗ ಹಾಕಿದೆ. ಕದ್ದು ಕೊಟ್ಟರೆ ಅವಳ ಡಿಗ್ರಿಯೇ ಕದ್ದ ಮಾಲಾಗುತ್ತದೆ. ಒಬ್ಬಳ ಕೆಲಸವಾಗುತ್ತದೆ, ಉಳಿದವರ ಕವರುಗಳು ಅಲ್ಲೇ ಇರುತ್ತವೆ. ಕೇಳಿಯೇ ಪಡೆಯಬೇಕು, ಎಲ್ಲರದನ್ನೂ ಪಡೆಯಬೇಕು ಎಂದು ಆಗ ತೀರ್ಮಾನ ಮಾಡಿದೆ. ಎಸ್ಟೇಟಿನಲ್ಲಿ ಫೋನ್ ಸಿಗುವುದಿಲ್ಲ. ಗುರುವಾರ ರಜೆ ಹಾಕಿ ಬೋಡಿಯಿಂದ ಮುನ್ನಾರ್ ಬಸ್ ಹತ್ತಿದೆ.

ತಿರುವು ತಿರುವಿಗೂ ಕಣಿವೆ ಕೆಳಗಿಳಿಯುತ್ತ ಹೋಯಿತು. ಏಲಕ್ಕಿ ಬಿಡಿಸುವ ಹೆಂಗಸರನ್ನು ತುಂಬಿಕೊಂಡ ಜೀಪುಗಳು ನಮ್ಮ ಬಸ್ಸನ್ನು ಹಿಂದೆ ಹಾಕಿ ಏರುತ್ತಿದ್ದವು. ನಾನು ಎಸ್ಟೇಟ್ ತಲುಪುವಾಗ ಅಲ್ಲಿ ಚಹಾದ ಬಿಡುವು. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಒಣಗಿಸುವ ಮನೆಯ ಜಗಲಿಯಲ್ಲಿ ಕೂತು ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ಚಿಕ್ಕಪ್ಪ ನನ್ನನ್ನು ನೋಡಿ ಎದ್ದೇಬಿಟ್ಟರು.

"ಏನಾಯ್ತು ಮಗ್ಳೆ? ಸ್ಕೂಲ್ಗೆ ಬೆಂಕಿ ಬಿತ್ತಾ?"

"ಇಲ್ಲ ಚಿಕ್ಕಪ್ಪ. ಗಣಿತದ ಟೀಚರ್ದು ಸರ್ಟಿಫಿಕೇಟು. ನಾಳೀಕೆ ದಿಂಡಿಗಲ್ನಾಗೆ ಇಂಟರ್‌ವ್ಯೂ."

"ಅದ್ಕೆ ಬೆಟ್ಟ ಅತ್ತಿ ಬಂದ್ಯಾ? ಕೀ ನಿನ್ ಕೈಲೇ ಅದೆಯಲ್ಲ."

"ಅದ್ಕೇ ಬಂದೆ. ಕೇಳ್ದೆ ತೆಗೆಯಾಕ್ ಮನ್ಸು ಬರ್ಲಿಲ್ಲ."

ಅವರು ಆಳೊಬ್ಬನನ್ನು ಕೂಗಿದರು. ನನಗೂ ಒಂದು ಲೋಟ ಚಹಾ ತರಿಸಿದರು. ಕೂತು ಕುಡಿಯುತ್ತ ನಾನು ಜಗಲಿಯ ಕಡೆ ನೋಡಿದೆ.

"ಇವ್ರೆಲ್ಲಾ ನಿಮ್ ಎಸ್ಟೇಟ್ಗೇ ಯಾಕ್ ಬತ್ತಾರೆ ಚಿಕ್ಕಪ್ಪ? ಮೇಲೆ ಬೇಕಾದಷ್ಟು ಎಸ್ಟೇಟ್ ಅವೆ."

ಅವರ ಮುಖ ಅರಳಿತು. ಇದು ಅವರ ಪ್ರೀತಿಯ ವಿಷಯ. "ನಾನ್ ಜೀಪ್ ಮನೆ ಬಾಗ್ಲಿಗೇ ಕಳಿಸ್ತೀನಿ. ಚಾ ಜತೆ ಬನ್ ಕೊಡ್ತೀನಿ, ಬಾಕಿಯೋರು ಬರೀ ಚಾ. ಮಳೆ ಬಂದು ಅರ್ಧ ದಿನ ಕೆಲ್ಸ ನಿಂತ್ರೂ ಕೂಲಿ ಮುರ್ಕೊಳ್ಳಲ್ಲ. ಒಂದ್ಸಲ ಬಂದೋರು ಬೇರೆ ಕಡೆ ಓಗಲ್ಲ."

"ಅವ್ರ ರೇಷನ್ ಕಾರ್ಡ್ ಇಸ್ಕೊಂಡು ಬೀರುಲಿ ಇಟ್ಟಿಲ್ವಾ?"

"ಏನ್ ತಲೆ ಕೆಟ್ಟದಾ ನಿನ್ಗೆ? ಅಂಗ್ ಕೇಳಿದ್ರೆ ನಾಳೆ ಒಬ್ರೂ ಜೀಪ್ ಅತ್ತಲ್ಲ..."

ಅವರು ನನ್ನನ್ನು ನೋಡಿದರು, ನಾನು ಲೋಟದೊಳಗೆ ನೋಡಿದೆ. ಜಗಲಿಯಲ್ಲಿ ಯಾರೋ ಹೆಂಗಸು ಏನೋ ಹೇಳಿ ಎಲ್ಲರೂ ಗೊಳ್ಳೆಂದು ನಕ್ಕರು. ಅದು ನಮ್ಮ ವಿಷಯವಲ್ಲ, ಆದರೂ ಚಿಕ್ಕಪ್ಪ ಕಿವಿ ತುರಿಸಿಕೊಂಡರು.

"ಇದ ಕೇಳಾಕೇ ನೀನ್ ಬಂದಿದ್ದು, ಅಲ್ವಾ?"

"ಬರಾವಾಗ ಇದು ತೋಚಿರ್ಲಿಲ್ಲ. ಇಲ್ಲಿ ಬಂದು ಬನ್ ನೋಡಿದ್ಮೇಲೆ ತೋಚ್ತು."

ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾದರು. "ಕೊಡಾದಾದ್ರೆ ಎಲ್ಲಾರ್ದೂ ಕೊಡು. ಒಬ್ಳಿಗ್ ಕೊಟ್ರೆ ಬಾಕಿಯೋರು ನನ್ನ ಕಳ್ಳ ಅಂತಾರೆ. ಆದ್ರೆ ಜೂನ್ನಾಗೆ ಸ್ಕೂಲ್ ಖಾಲಿಯಾದ್ರೆ ಟ್ರಸ್ಟ್ನೋರಿಗೆ ಉತ್ತರ ಕೊಡಾದು ನೀನು. ನಿನ್ ಕೆಲ್ಸಾನೂ ಉಳಿಯಲ್ಲ."

"ಸೆರಿ," ಎಂದೆ. ಇಳಿಯುವ ಬಸ್ಸಿನಲ್ಲಿ ಕೂತು, ಯಾರು ಯಾರು ಬಿಟ್ಟುಹೋಗಬಹುದೆಂದು ಬೆರಳಲ್ಲಿ ಎಣಿಸಿದೆ.

ಸಂಜೆ ಬೆಲ್‌ಗೆ ಮೊದಲು ಶಾಲೆ ತಲುಪಿ, ಎಲ್ಲರನ್ನೂ ಸ್ಟಾಫ್ ರೂಮಿಗೆ ಕರೆದು ಕವರುಗಳನ್ನು ಮೇಜಿನ ಮೇಲೆ ಹರಡಿದೆ. ಒಂದು ಕ್ಷಣ ಯಾರೂ ಮುಟ್ಟಲಿಲ್ಲ. ತಮಿಳು ಪಾಠ ಹೇಳುವ ಅಯ್ಯ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಮೊದಲು ಕೈ ಚಾಚಿ ತಮ್ಮದನ್ನು ಬಿಚ್ಚಿದರು. ನುಸಿಗುಳಿಗೆಯ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಹಾಲ್‌ಟಿಕೆಟ್ಟಿನ ಮೇಲೆ ಅವರ ಹಳೆಯ ಫೋಟೊ: ಗುಂಗುರು ಕೂದಲು, ಉದ್ದನೆಯ ಕಾಲರು. ಈಗ ಅವರ ತಲೆಯಲ್ಲಿ ಕೂದಲೇ ಇಲ್ಲ. ಯಾರೋ ಕಿಸಕ್ಕೆಂದರು, ಆಮೇಲೆ ತಡೆಯುವವರಿರಲಿಲ್ಲ. ಒಬ್ಬರ ಅಂಕಪಟ್ಟಿ ಇನ್ನೊಬ್ಬರ ಕೈಗೆ ಹೋಯಿತು. ಇಂಗ್ಲಿಷ್ ಟೀಚರ್ ಇಂಗ್ಲಿಷಿನಲ್ಲಿ ಎರಡನೇ ಪ್ರಯತ್ನಕ್ಕೆ ಪಾಸಾಗಿದ್ದು ಬಯಲಾಯಿತು. "ಅದಕ್ಕೇ ಫೇಲಾದವರ ಕಷ್ಟ ನನಗೆ ಗೊತ್ತು," ಎಂದರು ಅವರು, ಸ್ವಲ್ಪವೂ ಅಳುಕದೆ.

ನನ್ನದನ್ನೂ ತೆರೆದೆ. ಮೈಸೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಬಿ.ಎಡ್. ಮಾಡಿದ್ದು, ಇವತ್ತು ಹೀಗೆ ಕನ್ನಡದಲ್ಲಿ ಬರೆಯಲು ಕಲಿತದ್ದು ಆ ವರ್ಷವೇ. ಕಾಗದದ ಮೂಲೆಯನ್ನು ಬೆಳ್ಳಿಹುಳು ತಿಂದಿತ್ತು. ಹೆಸರು ಉಳಿದಿತ್ತು.

ಶುಕ್ರವಾರ ಗಣಿತದ ಟೀಚರ್ ದಿಂಡಿಗಲ್ಲಿಗೆ ಹೋದಳು. ಸೋಮವಾರ ಕಂಪ್ಯೂಟರ್ ಟೀಚರ್ ಬರಲಿಲ್ಲ; ಮಂಗಳವಾರವೂ ಬರಲಿಲ್ಲ. ಕವರಿನ ಜತೆಗೇ ಹೋಗಿಬಿಟ್ಟಿದ್ದರು, ಒಂದು ಮೆಸೇಜೂ ಇಲ್ಲದೆ. ಬೆಟ್ಟದಿಂದ ಇಳಿದ ಚಿಕ್ಕಪ್ಪ, "ಒಂದ್ ವಿಕೆಟ್ ಬಿತ್ತು," ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಕುತೂಹಲವೇ ಹೆಚ್ಚಿತ್ತು. ನನಗೆ ಮಾತ್ರ ಆ ವಾರ ಊಟ ಸೇರಲಿಲ್ಲ. ಪ್ರತಿದಿನ ಬೆಳಗ್ಗೆ ಬಸ್ಸಿನಿಂದ ಯಾರು ಯಾರು ಇಳಿಯುತ್ತಾರೆಂದು ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಉಳಿದವರೆಲ್ಲ ಇಳಿದರು.

ಮುಂದಿನ ವಾರ ಒಂದು ಸಂಜೆ ಬೇವಿನ ಮರದ ಕೆಳಗೆ ದನಿ ಕೇಳಿತು. ಗಣಿತದ ಟೀಚರ್ ಹತ್ತನೆಯ ಮಕ್ಕಳನ್ನು ಕೂರಿಸಿಕೊಂಡಿದ್ದಳು. ಒಳಗಿನಿಂದ ಕುರ್ಚಿ ತರಿಸಿಕೊಂಡು ಕೂತೇ ಹೇಳಿಕೊಡುತ್ತಿದ್ದಳು.

ಪರೀಕ್ಷೆಗಳು ಮುಗಿದ ಮೇಲೆ ಅವಳೇ ಬಂದಳು. ದಿಂಡಿಗಲ್ಲಿನವರು ಕೆಲಸ ಕೊಟ್ಟಿದ್ದರು. ಆರ್ಡರ್ ಕೈಯಲ್ಲಿತ್ತು. "ತಾಳಾಳರ ಹತ್ತಿರ ಮಾತಾಡಬೇಕು ಮಿಸ್, ನೀವೂ ಬನ್ನಿ," ಎಂದಳು.

ಚಿಕ್ಕಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಆರ್ಡರನ್ನು ಮೇಜಿನ ಮೇಲಿಟ್ಟಳು. "ಸಾರ್, ಅವರು ಇಷ್ಟು ಕೊಡ್ತಾರೆ. ಅಲ್ಲಿ ರಾತ್ರಿ ಹಾಸ್ಟೆಲ್ ಡ್ಯೂಟಿಯೂ ಇದೆ, ಮನೆಯೂ ದೂರ. ಅದಕ್ಕೆ ನೀವು ಅಷ್ಟು ಕೊಡಬೇಕಿಲ್ಲ. ಆದರೆ ಈಗ ಕೊಡೋದಕ್ಕೆ ನಾನು ಇರೋದಿಲ್ಲ."

ಚಿಕ್ಕಪ್ಪ ಜೀವಮಾನವಿಡೀ ದ್ರಾಕ್ಷಿ ವ್ಯಾಪಾರಿಗಳ ಜತೆ ಚೌಕಾಸಿ ಮಾಡಿದವರು. ಶಾಲೆಯೊಳಗೆ ಯಾರೂ ಅವರಿಗೆ ಆ ಸುಖ ಕೊಟ್ಟಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು ಒಂದು ಮೊತ್ತ ಹೇಳಿದರು. ಅವಳು ತಲೆ ಅಲ್ಲಾಡಿಸಿದಳು. ಇನ್ನೊಂದು ಹೇಳಿದರು. ಅವಳು ಆರ್ಡರನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಳು. ಮೂರನೆಯದಕ್ಕೆ ಒಪ್ಪಿ, "ಮತ್ತೆ ಮೇ ತಿಂಗಳ ಸಂಬಳ, ಎಲ್ಲರಿಗೂ," ಎಂದಳು.

"ನಿನ್ನ ವಿಷಯ ಮಾತ್ರ ಮಾತಾಡಮ್ಮ."

"ನನ್ನ ವಿಷಯವೇ ಸಾರ್. ನನಗೊಬ್ಬಳಿಗೆ ಕೊಟ್ಟರೆ ಆ ಸ್ಟಾಫ್ ರೂಮಿನಲ್ಲಿ ನಾನು ಹೇಗೆ ಕೂರಲಿ?"

ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಇವ್ಳ್ಗೆ ಲೆಕ್ಕ ಕಲ್ಸಿದ್ದು ನೀನೇ ತಾನೆ?"

ಮೇ ಸಂಬಳಕ್ಕೆ ಟ್ರಸ್ಟಿನವರು ಸುಲಭಕ್ಕೆ ಒಪ್ಪಲಿಲ್ಲ. ಶಾಲೆಯ ಮುಂದೆ ದೊಡ್ಡ ಕಮಾನು ಕಟ್ಟಿಸಿ ಅದರ ಮೇಲೆ ತಮ್ಮ ತಂದೆಯ ಹೆಸರು ಬರೆಸಬೇಕೆಂಬುದು ಚಿಕ್ಕಪ್ಪನ ಬಹಳ ದಿನದ ಆಸೆ, ಅದಕ್ಕೆಂದು ದುಡ್ಡು ತೆಗೆದಿಟ್ಟಿದ್ದರು. ಕಮಾನು ಮುಂದಕ್ಕೆ ಹೋಯಿತು. ಆ ವರ್ಷ ಮೇನಲ್ಲಿ ಎಲ್ಲರಿಗೂ ಅರ್ಧ ಸಂಬಳ ಸಿಕ್ಕಿತು, ಬಾಕಿ ಅರ್ಧ ಮುಂದಿನ ವರ್ಷದಿಂದ ಎಂದು ಬರೆದುಕೊಟ್ಟರು. ಮನೆಮನೆಗೆ ನೋಟಿಸು ಹಿಡಿದು ಹೋಗುವುದು ನಿಂತಿತು. ಬದಲಿಗೆ ಎರಡು ಶನಿವಾರ ಶಾಲೆಯ ಬಾಗಿಲು ತೆರೆದಿಟ್ಟು ತಂದೆ ತಾಯಂದಿರನ್ನು ಕರೆದೆವು. ಚಿಕ್ಕಪ್ಪ ಪನ್ನೀರ್ ತಳಿಯ ದ್ರಾಕ್ಷಿಯ ಜ್ಯೂಸ್ ಮಾಡಿಸಿದ್ದರು. ಬಂದವರಲ್ಲಿ ಕೆಲವರು ಜ್ಯೂಸ್ ಕುಡಿದು ಹೋದರು, ಕೆಲವರು ಮಕ್ಕಳನ್ನು ಸೇರಿಸಿದರು.

ಜೂನ್‌ನಲ್ಲಿ ಶಾಲೆ ತೆರೆದಾಗ ಮದುವೆಯಾಗಿ ಹೋದ ಒಬ್ಬರನ್ನು ಬಿಟ್ಟು ಹಳಬರೆಲ್ಲ ಬಂದಿದ್ದರು. ಹತ್ತನೆಯವರ ಫಲಿತಾಂಶವೂ ಬಿದ್ದಿರಲಿಲ್ಲ, ನನ್ನ ಕೆಲಸ ಉಳಿಯಿತು. ಮದುವೆಯಾಗಿ ಹೋದವರ ಜಾಗ ತುಂಬಿತ್ತು, ಕಂಪ್ಯೂಟರ್ ಟೀಚರ್ ಜಾಗ ಮಾತ್ರ ಖಾಲಿ ಇತ್ತು. ಎರಡನೆಯ ವಾರ ಒಬ್ಬ ಯುವತಿ ತಾನಾಗಿಯೇ ಕೇಳಿಕೊಂಡು ಬಂದಳು. ಕಣಿವೆಯ ಆ ತುದಿಯ ಇನ್ನೊಂದು ಖಾಸಗಿ ಶಾಲೆಯಲ್ಲಿದ್ದವಳು, ನೋಟಿಸ್ ಅವಧಿ ಮುಗಿಸಿದ್ದಳು. ಡೆಮೊ ಕ್ಲಾಸ್ ಚೆನ್ನಾಗಿ ಮಾಡಿದಳು. ಒರಿಜಿನಲ್ ಕೇಳಿದರೆ ಮುಖ ಸಣ್ಣದಾಯಿತು.

"ಅಲ್ಲೇ ಇದೆ ಮ್ಯಾಡಮ್. ಕೊಡ್ತಿಲ್ಲ. ಆ ಸಾರ್ ಊರಲ್ಲಿಲ್ಲ ಅಂತಾರೆ, ಕೀ ಸಿಗ್ತಿಲ್ಲ ಅಂತಾರೆ."

ಚಿಕ್ಕಪ್ಪ ಆ ಶಾಲೆಯ ಹೆಸರು ಕೇಳಿ ನಕ್ಕರು. ಅದನ್ನು ನಡೆಸುವವರು ಅವರ ದ್ರಾಕ್ಷಿ ವ್ಯಾಪಾರದ ಹಳೆಯ ಜತೆಗಾರ, ನಮ್ಮವರೇ. ಇಸ್ತ್ರಿ ಮಾಡಿದ ಬಿಳಿ ಶರ್ಟು ತರಿಸಿ ಹಾಕಿಕೊಂಡು, ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟರು.

ಆ ಶಾಲೆಯ ತಾಳಾಳರು ಊರಲ್ಲೇ ಇದ್ದರು. ಆದರದಿಂದ ಕೂರಿಸಿದರು. ವಿಷಯ ಕೇಳಿದ ಮೇಲೆ ದನಿ ತಗ್ಗಿಸಿ, "ಒಬ್ಳಿಗ್ ಕೊಟ್ರೆ ಎಲ್ಲಾರೂ ಕೇಳ್ತಾರಪ್ಪ," ಎಂದರು.

"ಕೇಳ್ತಾರೆ. ಕೊಡು. ಒಬ್ರು ಓಗ್ತಾರೆ. ನನ್ ಸ್ಕೂಲ್ನಿಂದ್ಲೂ ಒಬ್ರು ಬಿಟ್ಟೋದ್ರು, ಅದ್ಕೇ ತಾನೆ ನಿಮ್ಮೋಳ್ನ ಕರ್ಕೊಂಡೋಗಾಕ್ ಬಂದಿರಾದು." ಚಿಕ್ಕಪ್ಪ ಚಹಾ ಊದಿಕೊಂಡು ಕುಡಿದರು. "ಬಾಕಿಯೋರು ಯಾಕಿದ್ದಾರೆ ಅಂತ ನಿನ್ಗೂ ತಿಳೀತದೆ. ಅದ ತಿಳ್ಕೊಳ್ದೆ ಸ್ಕೂಲ್ ಎಂಗ್ ನಡೆಸ್ತೀಯ?"

ಅವರಿಬ್ಬರ ವಾದ ದ್ರಾಕ್ಷಿಯ ಬೆಲೆಗೆ ಹೋಗಿ, ಮಕ್ಕಳ ಮದುವೆಗೆ ಹೋಗಿ, ತಿರುಗಿ ಬೀರುವಿಗೆ ಬಂತು. ಎರಡನೆಯ ಲೋಟ ಚಹಾ ಮುಗಿಯುವ ಹೊತ್ತಿಗೆ ಕೀ ಸಿಕ್ಕಿತು.

ನಮ್ಮ ಶಾಲೆಗೆ ಮರಳಿದಾಗ ಮಧ್ಯಾಹ್ನದ ಊಟದ ಬಿಡುವು ಮುಗಿಯುತ್ತಿತ್ತು. ಆ ಯುವತಿ ತಾಳಾಳರ ಕೋಣೆಗೆ ಬಂದು, ಸೇರುವ ದಿನ ಮಾಡಬೇಕಾದ್ದು ಇದೇ ಎಂದುಕೊಂಡು, ಕವರನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದಳು. ಚಿಕ್ಕಪ್ಪ ಚಟ್ಟನೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನಿಮ್ಮ ಮನೆಯಲ್ಲಿ ಬೀರು ಇಲ್ವೇನಮ್ಮ?" ಎಂದು ತಮಿಳಿನಲ್ಲಿ ಕೇಳಿದರು.

"ಇದೆ ಸಾರ್."

"ಅದರಲ್ಲಿಡು."

ಅವಳು ಅವರನ್ನೂ ನನ್ನನ್ನೂ ನೋಡಿ, ಇದು ತಮಾಷೆಯಲ್ಲ ಎಂದು ಖಾತ್ರಿಯಾದ ಮೇಲೆ ಕವರನ್ನು ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆದಳು. ಬೆಲ್ ಹೊಡೆಯಿತು. ನಾನು ಅವಳನ್ನು ಏಳನೇ ತರಗತಿಗೆ ಕರೆದುಕೊಂಡು ಹೋದೆ.